ಕೊಟ್ಟಿಗೆಯ ಪಡು ಗೋಡೆ: ಕೆಂಪುಕಲ್ಲು ಬೇಸಿಗೆಯಲ್ಲಿ ಕೊಂಡು, ಮಳೆಯಲ್ಲಿ ನೋಡಿ, ಆಮೇಲೆ ಕಟ್ಟಿದ್ದು

ಕೊಟ್ಟಿಗೆಯ ಪಡು ಗೋಡೆಯ ಅಡಿಯ ಮೂರು ಸಾಲು ಕಲ್ಲು ಒಳಕ್ಕೆ ಸವೆದುಹೋಗಿದೆ. ಅದರ ಮೇಲಿನ ಸಾಲುಗಳಿಗೆ ಏನೂ ಆಗಿಲ್ಲ. ಅಪ್ಪನ ಕಾಲದಲ್ಲಿ ಇಟ್ಟ ಕಲ್ಲಿನ ಮೂಲೆ ಇನ್ನೂ ಚೂಪಾಗಿಯೇ ಉಂಟು. ಕೆಳಗಿನದ್ದು ಮಾತ್ರ ಬೆರಳಲ್ಲಿ ಉಜ್ಜಿದರೆ ಪುಡಿ ಉದುರುತ್ತದೆ, ಅಲ್ಲಲ್ಲಿ ಬಿಳಿ ಉಪ್ಪು ಹೂತ ಹಾಗೆ ಕಾಣುತ್ತದೆ. ಕಾಸರಗೋಡಿನ ಬದಿಯಡ್ಕ, ಪೆರ್ಲ, ಬಾಯಾರು ಕಡೆಯ ಹಳೆ ಕೊಟ್ಟಿಗೆಗಳಲ್ಲಿ ಇದು ಅಪರೂಪವಲ್ಲ. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ, ಅದೂ ಹೆಚ್ಚಿನದ್ದು ಪಡುವಣದಿಂದ ಬೀಸಿ ಹೊಡೆಯುವಂಥದ್ದು. ಗೋಡೆಯ ಹೊರಮೈಗೆ ಅದು, ಒಳಮೈಗೆ ದನದ ಗಂಜಳ. ಎರಡೂ ಸೇರುವ ಜಾಗವೇ ಆ ಮೂರು ಸಾಲು.

ಮೇಸ್ತ್ರಿ ಬಂದು ಹಾರೆಯ ತುದಿಯಿಂದ ಕುಟ್ಟಿ ನೋಡಿದರು. "ಅಡಿಯಲ್ಲಿ ತುಂಡು ಕಲ್ಲು ತುರುಕಿದ್ರೆ ಮೇಲಿನದ್ದು ಕೂರ್ತದೆ ಭಟ್ರೇ. ಪೂರ್ತಿ ತೆಗೆದು ಕಟ್ಟುವುದೇ ಒಳ್ಳೆಯದು."

ಕಾಂಕ್ರೀಟ್ ಬ್ಲಾಕ್ ಹಾಕೋಣ ಎಂದು ಮನೆಯಲ್ಲಿ ಒಂದು ಮಾತು ಬಂತು. ಉಳಿದ ಮೂರು ಗೋಡೆ ಕೆಂಪುಕಲ್ಲಿನದ್ದು, ಕಲ್ಲು ಕೊಯ್ಯುವ ಪಣೆ ಇರುವುದು ಗುಡ್ಡ ಹತ್ತಿ ಇಳಿದರೆ ಸಿಗುವ ಪದವಿನ ಬಯಲಿನಲ್ಲಿ, ಬ್ಲಾಕಿನ ಕೊಟ್ಟಿಗೆ ಮೇಷ ಮಾಸದಲ್ಲಿ (ಏಪ್ರಿಲ್–ಮೇ) ಎಷ್ಟು ಕಾಯುತ್ತದೆ ಎಂದು ನೆರೆಮನೆಯಲ್ಲಿ ನೋಡಿದ್ದೇವೆ. ಹಾಗಾಗಿ ಕೆಂಪುಕಲ್ಲೇ. ಆದರೆ ಯಾವ ಕಲ್ಲು ಎಂಬುದನ್ನು ಲಾರಿ ಡ್ರೈವರಿಗೆ ಬಿಡುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದೆ.

ಪಣೆಯಲ್ಲಿ

ಕೆಂಪುಕಲ್ಲು, ಅಂದರೆ ಲ್ಯಾಟರೈಟ್, ಬೆಂಕಿಯಲ್ಲಿ ಹುಟ್ಟಿದ್ದಲ್ಲ, ಮರಳುಗಲ್ಲಿನ ಹಾಗೆ ಪದರಪದರವಾಗಿ ಕೂತದ್ದೂ ಅಲ್ಲ. ಹಳೆಯ ಬಂಡೆ ಬಿಸಿಲು ಮಳೆಗೆ ಲಕ್ಷಾಂತರ ವರ್ಷ ಕೊಳೆತು, ಅದರ ಸಿಲಿಕಾ, ಸುಣ್ಣ, ಸೋಡಾ ಎಲ್ಲ ನೀರಿನಲ್ಲಿ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡ್‌ಗಳು ಹಿಂದೆ ಉಳಿದು ಗಟ್ಟಿಯಾದದ್ದು. ನೆಲದೊಳಗೆ ಇರುವಾಗ ಪಿಕ್ಕಾಸಿಗೆ ಸುಲಭವಾಗಿ ಬಗ್ಗುತ್ತದೆ, ಗಾಳಿಗೆ ತೆರೆದಿಟ್ಟರೆ ಗಟ್ಟಿಯಾಗುತ್ತದೆ. ಟಿಪ್ಪು ಬಿದ್ದ ಮೇಲೆ 1800–01ರಲ್ಲಿ ಈ ಕರಾವಳಿಯನ್ನೆಲ್ಲ ಸುತ್ತಿದ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಗುರುತಿಸಿ ಬರೆದದ್ದೂ ಇದೇ ಗುಣವನ್ನು. ನಮ್ಮ ಕಡೆಯ, ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಕ್ಕೆ ಸುರಂಗ ತೋಡುವವರಿಗೆ ಬುಕಾನನ್ ಬೇಕಾಗಿರಲಿಲ್ಲ ಎನ್ನುವುದು ಬೇರೆ ಮಾತು. ಗಟ್ಟಿ ಕಲ್ಲು ಎಲ್ಲಿ ಮುಗಿದು ಶೇಡಿಮಣ್ಣು (ಮೆತ್ತನೆಯ ಬಿಳಿ ಜೇಡಿ) ಎಲ್ಲಿ ಶುರುವಾಗುತ್ತದೆ, ನೀರು ಎಲ್ಲಿ ಒಸರುತ್ತದೆ ಎಂದು ಕತ್ತಲಲ್ಲಿ ಕೈಯಾಡಿಸಿ ಹೇಳುವವರು ಅವರು.

ಪಣೆಯ ಬದಿಯನ್ನು ದೂರ ನಿಂತು ನೋಡಿದರೆ ಎಲ್ಲ ಕಾಣುತ್ತದೆ. ಎಲ್ಲಕ್ಕಿಂತ ಮೇಲೆ ಕಪ್ಪು ತಿರುಗಿದ ಪಾದೆ (ಬಂಡೆ), ಗಟ್ಟಿ ಆದರೆ ತುಂಬ ತೂತು, ಅದನ್ನು ಕಡಿದರೆ ಬ್ಲೇಡು ಹೋಗುತ್ತದೆಂದು ಅವರು ಒಡೆದು ಬದಿಗೆ ಎಸೆಯುತ್ತಾರೆ. ಅದರ ಕೆಳಗೆ ಇಟ್ಟಿಗೆಗಿಂತ ಗಾಢವಾದ ಕೆಂಪು–ಕಂದು ಪದರ. ಕೆಳಗೆ ಹೋದಂತೆ ಹಳದಿ ಮಚ್ಚೆ ಹೆಚ್ಚುತ್ತದೆ, ಇನ್ನೂ ಕೆಳಗೆ ಬಿಳಿ ಮತ್ತು ನಸುಗೆಂಪು ಶೇಡಿಯ ಉಂಡೆಗಳು ಕಲ್ಲಿನ ತೂತುಗಳಲ್ಲಿ ತುಂಬಿರುತ್ತವೆ, ಕೊನೆಗೆ ಬರೀ ಶೇಡಿ. ಹಳಿಯ ಮೇಲೆ ಓಡುವ ಗರಗಸದ ಮೆಷಿನ್‌ಗೆ ಇದೆಲ್ಲ ಒಂದೇ. ಅದು ಮೇಲಿಂದ ಕೆಳಗಿನವರೆಗೆ ಒಂದೇ ಅಳತೆಯ ಕಲ್ಲು ಕೊಯ್ದು ಕೊಡುತ್ತದೆ: ಉದ್ದ 14 ಇಂಚು, ಅಗಲ 9, ದಪ್ಪ 7. ಲೋಡ್ ಆಗುವಾಗ ಎಲ್ಲ ಬೆರೆಯುತ್ತದೆ. ಹೊಸದಾಗಿ ಕೊಯ್ದ ಕಲ್ಲಿನ ಮುಖಕ್ಕೆ ಗರಗಸದ ಕೆಂಪು ಪುಡಿ ಮೆತ್ತಿಕೊಂಡು ತೂತು, ಶೇಡಿ, ಬಿರುಕು ಯಾವುದೂ ಕಾಣುವುದಿಲ್ಲ. ಅಂಗಳಕ್ಕೆ ಬಂದ ಮೇಲೆ ಕಣ್ಣಿಗೆ ಎಲ್ಲವೂ ಚಂದದ ಕಲ್ಲೇ.

"ಎಲ್ಲಾ ಒಂದೇ ಪಣೆಯ ಕಲ್ಲು ಭಟ್ರೇ, ವ್ಯತ್ಯಾಸ ಎಂಥದ್ದು?" ಎಂದು ಪಣೆಯವರು ಕೇಳಿದರು. ಒಂದೇ ಪಣೆಯ ಕಲ್ಲು ಎಂದರೆ ಏನೂ ಹೇಳಿದ ಹಾಗಾಗಲಿಲ್ಲ ಎಂಬುದೇ ನನ್ನ ತಕರಾರು. ಕೇಳಬೇಕಾದದ್ದು ಎಷ್ಟು ಆಳದ್ದು ಎಂದು. ಒಪ್ಪಂದ ಹೀಗಾಯಿತು: ಮೊದಲು ಮೇಲು, ನಡು, ಅಡಿ ಎಂದು ಮೂರು ಮಟ್ಟದಿಂದ ಆರಾರು ಕಲ್ಲು ನಮೂನೆಗೆ. ಆಮೇಲೆ ಬೇಕಾದ ಮಟ್ಟದಿಂದ ಆರಿಸಿಕೊಟ್ಟರೆ ಕಲ್ಲಿಗೆ ಸ್ವಲ್ಪ ಹೆಚ್ಚು ಹಣ. ಲೋಡಿನ ಜೊತೆ ಜಿಯಾಲಜಿ ಇಲಾಖೆಯ ಪಾಸ್ ಬರಬೇಕು ಎಂದೂ ಹೇಳಿದೆ. ದಾರಿಯಲ್ಲಿ ಲಾರಿ ತಡೆದು ನಿಲ್ಲಿಸಿದರೆ ಅಂಗಳದಲ್ಲಿ ಮೇಸ್ತ್ರಿ ಕೈಕಟ್ಟಿ ಕೂರಬೇಕಾಗುತ್ತದೆ.

ಅಂಗಳದಲ್ಲಿ

ನಮೂನೆ ಕಲ್ಲುಗಳಿಗೆ ಪೈಂಟ್‌ನಿಂದ ಗುರುತು ಹಾಕಿ, ತೆಂಗಿನ ನಾರಿನ ಬ್ರಷ್‌ನಿಂದ ತೊಳೆದೆ. ಗರಗಸದ ಪುಡಿ ಹೋದ ಮೇಲೆಯೇ ಕಲ್ಲಿನ ನಿಜವಾದ ಮುಖ. ಅಡಿ ಮಟ್ಟದ ಕಲ್ಲಿನಲ್ಲಿ ಹೆಬ್ಬೆರಳು ಹೋಗುವಷ್ಟು ದೊಡ್ಡ ಶೇಡಿ ಉಂಡೆಗಳು ಬಾಯಿಬಿಟ್ಟವು.

ಕುಟ್ಟಿ ನೋಡುವುದು, ಗೀರಿ ನೋಡುವುದು ಎಲ್ಲರೂ ಮಾಡುವಂಥದ್ದು. ಸುತ್ತಿಗೆಯಿಂದ ಕುಟ್ಟಿದರೆ ಮೇಲು ಮಟ್ಟದ್ದು 'ಟಣ್' ಅಂದಿತು, ಅಡಿಯದ್ದು 'ದಬ್' ಅಂದಿತು. ನಡುವಿನದ್ದರ ಬಗ್ಗೆ ಮೇಸ್ತ್ರಿಗೂ ನನಗೂ ಒಮ್ಮತ ಬರಲಿಲ್ಲ. ಮೊಳೆಯಲ್ಲಿ ಗೀರಿದರೂ ಅಷ್ಟೇ: ಎರಡು ತುದಿ ಸ್ಪಷ್ಟ, ನಡುವಿನದ್ದು ಗೀರಿದ ಜಾಗಕ್ಕೆ ತಕ್ಕ ಹಾಗೆ. ಕಿವಿ ಮತ್ತು ಮೊಳೆ ತೀರಾ ಕೆಟ್ಟದ್ದನ್ನು ಹಿಡಿದುಕೊಡುತ್ತವೆ. ಕೊಳ್ಳುವವನಿಗೆ ತಲೆನೋವು ಆಗುವುದು ನಡುವಿನ ಕಲ್ಲು.

ಅದಕ್ಕೆ ನೀರು ಬೇಕು. ಕೆಂಪುಕಲ್ಲಿಗೆ ಭಾರತೀಯ ಮಾನದಂಡ ಒಂದಿದೆ, 1979ರ ಐಎಸ್ 3620. ಅದರ ಪ್ರಕಾರ ಕಲ್ಲು ಹೀರುವ ನೀರು ತೂಕದ ಶೇ. 12ಕ್ಕಿಂತ ಹೆಚ್ಚಿರಬಾರದು, ಒತ್ತಡ ತಡೆಯುವ ಶಕ್ತಿ ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಇರಬೇಕು. ಮೊದಲನೆಯದ್ದನ್ನು ಮನೆಯಲ್ಲೇ ಅಂದಾಜು ಮಾಡಬಹುದು. ಲ್ಯಾಬಿನವರು ಕಲ್ಲನ್ನು ಸಣ್ಣ ತುಂಡು ಮಾಡಿ ಒಲೆಯಲ್ಲಿ ಒಣಗಿಸಿ ಒಂದು ದಿನ ನೀರಲ್ಲಿಡುತ್ತಾರೆ. ನಾನು ಇಡೀ ಕಲ್ಲನ್ನೇ ಅಡಿಕೆ ಡ್ರೈಯರ್‌ನಲ್ಲಿಟ್ಟು ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿದೆ, ಅಡಿಕೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯಲ್ಲೇ ತೂಗಿದೆ, ಒಂದು ಹಗಲು ಒಂದು ರಾತ್ರಿ ದನ ನೀರು ಕುಡಿಯುವ ತೊಟ್ಟಿಯಲ್ಲಿ ಮುಳುಗಿಸಿ, ಮೈಯ ನೀರು ಒರೆಸಿ ಮತ್ತೆ ತೂಗಿದೆ. ಹೆಚ್ಚಿದ ತೂಕವನ್ನು ಒಣ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ.

ಮೇಲು ಮಟ್ಟದ ಒಂದು ಕಲ್ಲು ಒಣಗಿದ್ದಾಗ 28.6 ಕಿಲೋ, ನೆನೆದಾಗ 31.1: ಶೇ. 8.7. ನಡುವಿನದ್ದು 27.4ರಿಂದ 30.3ಕ್ಕೆ: ಶೇ. 10.6. ಅಡಿಯದ್ದು 25.1ರಿಂದ 29.2ಕ್ಕೆ: ಶೇ. 16.3. ಉಳಿದ ಕಲ್ಲುಗಳೂ ಹೆಚ್ಚುಕಮ್ಮಿ ಇದೇ ದಾರಿ ಹಿಡಿದವು. ಒಂದೇ ಅಳತೆಯ ಕಲ್ಲುಗಳಲ್ಲಿ ಒಣ ತೂಕವೇ ಮೂರೂವರೆ ಕಿಲೋ ವ್ಯತ್ಯಾಸ ತೋರಿಸುತ್ತದೆ ಎನ್ನುವುದನ್ನು ಗಮನಿಸಿ. ತಕ್ಕಡಿ ಬಿಟ್ಟರೆ ಬೇರೇನೂ ಇಲ್ಲದವರು ಅಷ್ಟನ್ನಾದರೂ ಮಾಡಬಹುದು, ಆದರೆ ಪಣೆಯಿಂದ ಈಗಷ್ಟೇ ಬಂದ ಹಸಿ ಕಲ್ಲನ್ನು ತೂಗಬಾರದು. ಅದರ ಭಾರದಲ್ಲಿ ನೀರಿನ ಪಾಲು ಎಷ್ಟು, ಕಲ್ಲಿನ ಪಾಲು ಎಷ್ಟು ಗೊತ್ತಾಗುವುದಿಲ್ಲ.

ತೂಕಕ್ಕಿಂತ ಹೆಚ್ಚು ಹೇಳಿದ್ದು ತೊಟ್ಟಿಯ ತಳ. ಮೇಲು ಮಟ್ಟದ ಕಲ್ಲು ತೆಗೆದಾಗ ನೀರು ಸ್ವಲ್ಪ ಕೆಂಪು, ಅಷ್ಟೇ. ಅಡಿಯ ಕಲ್ಲುಗಳನ್ನು ತೆಗೆದಾಗ ತಳದಲ್ಲಿ ಬೆರಳು ದಪ್ಪದ ಬಿಳಿ–ಹಳದಿ ಕೆಸರು. ಕಲ್ಲು ನೀರು ಕುಡಿಯುವುದು ಅಂಥ ಅಪರಾಧವಲ್ಲ, ಕುಡಿದ ನೀರಿನ ಜೊತೆ ತನ್ನ ಮೈಯನ್ನೂ ಬಿಟ್ಟುಕೊಟ್ಟರೆ ಅದು ಗೋಡೆಗೆ ಆಗುವ ಕಲ್ಲಲ್ಲ.

ಲ್ಯಾಬಿನ ಕಾಗದ ಮತ್ತು ಗೋಡೆಯ ಭಾರ

ಒತ್ತಡದ ಪರೀಕ್ಷೆ ಮನೆಯಲ್ಲಿ ಆಗುವಂಥದ್ದಲ್ಲ. ಪರಿಚಯದವರ ಮೂಲಕ ಒಂದು ಲ್ಯಾಬಿಗೆ ಕೊಟ್ಟೆ. ಕಟ್ಟಡದ ಕಲ್ಲನ್ನು ಒಣಗಿಸಿಯೂ ನೋಡಬೇಕು, ಮೂರು ದಿನ ನೀರಲ್ಲಿ ನೆನೆಸಿಯೂ ನೋಡಬೇಕು ಎಂದು ಐಎಸ್ 1121 ಹೇಳುತ್ತದೆ. ಎರಡನ್ನೂ ಮಾಡಿಸಿ ಎಂದು ಒತ್ತಿ ಹೇಳದಿದ್ದರೆ ಬರೀ ಒಣ ಕಲ್ಲಿನ ಅಂಕಿ ಬರುವ ಸಾಧ್ಯತೆ ಹೆಚ್ಚು. ಬಂದ ಸರಾಸರಿ ಹೀಗೆ (ಚದರ ಮಿಲಿಮೀಟರಿಗೆ ನ್ಯೂಟನ್‌ಗಳಲ್ಲಿ): ಮೇಲು ಒಣಗಿದ್ದಾಗ 4.6, ನೆನೆದಾಗ 3.4, ನಡು 3.7 ಮತ್ತು 2.5; ಅಡಿ 2.2 ಮತ್ತು 0.9.

ಈ ಕಾಗದ ಹಿಡಿದುಕೊಂಡು, ಹಾಗಾದರೆ ನೆನೆದಾಗ ಮೇಲು ಮಟ್ಟದ ಕಲ್ಲೂ ಪಾಸಾಗಲಿಲ್ಲವಲ್ಲ ಎಂದು ಗಾಬರಿ ಬೀಳುವ ಮೊದಲು ಗೋಡೆಯ ಲೆಕ್ಕ ನೋಡಬೇಕು. ನನ್ನ ಗೋಡೆ ಪಂಚಾಂಗದ (ಅಡಿಪಾಯದ ಕಟ್ಟೆಯ) ಮೇಲೆ 2.4 ಮೀಟರ್ ಎತ್ತರ. ಘನ ಮೀಟರಿಗೆ ಎರಡು ಟನ್ ಎಂದು ಹಿಡಿದರೆ ಗೋಡೆಯ ಸ್ವಂತ ಭಾರದಿಂದ ಅಡಿಯ ಸಾಲಿನ ಮೇಲೆ ಬೀಳುವುದು ಚದರ ಮಿಲಿಮೀಟರಿಗೆ 0.05 ನ್ಯೂಟನ್‌ಗೆ ತುಸು ಕಡಿಮೆ. ಮಂಗಳೂರು ಹಂಚಿನ ಮಾಡು ಸೇರಿಸಿದರೂ ಒಟ್ಟು 0.1 ದಾಟುವುದಿಲ್ಲ. ಅಂದರೆ ಅತಿ ಕಳಪೆ ಕಲ್ಲು ಅತಿ ಒದ್ದೆಯಾಗಿದ್ದಾಗಲೂ ಬೇಕಾದ್ದಕ್ಕಿಂತ ಒಂಬತ್ತು ಪಟ್ಟು ತಡೆಯುತ್ತದೆ. ಗಾರೆಯ ಸಂದು, ಗೋಡೆಯ ಸಣ್ಣ ವಾಲು ಇದರಲ್ಲಿ ಒಂದಷ್ಟನ್ನು ತಿಂದುಹಾಕುತ್ತವೆ. ಆದರೂ ಒಂದಂತಸ್ತಿನ ಕೊಟ್ಟಿಗೆ ಭಾರಕ್ಕೆ ಬೀಳುವುದಿಲ್ಲ.

ಹಾಗಾದರೆ ಹಳೆ ಗೋಡೆ ಹಾಳಾದದ್ದು ಯಾತಕ್ಕೆ? ಕಲ್ಲಿನ ತೂತುಗಳು ಕೆಳಗಿನಿಂದ ಒದ್ದೆ ಎಳೆದುಕೊಳ್ಳುತ್ತವೆ, ಅದರ ಜೊತೆ ಗಂಜಳದ ಉಪ್ಪೂ ಏರುತ್ತದೆ. ವೃಶ್ಚಿಕ ಮಾಸದ (ನವೆಂಬರ್–ಡಿಸೆಂಬರ್) ನಂತರ ಗೋಡೆ ಒಣಗುವಾಗ ನೀರು ಹೋಗಿ ಉಪ್ಪು ಒಳಗೇ ಹರಳುಗಟ್ಟಿ, ಹರಳು ದೊಡ್ಡದಾದಂತೆ ಕಲ್ಲಿನ ಮೈಯನ್ನು ಒಳಗಿನಿಂದ ಒಡೆಯುತ್ತದೆ. ಮುಂದಿನ ಮಳೆ ಆ ಪುಡಿಯನ್ನು ತೊಳೆಯುತ್ತದೆ. ಶೇಡಿ ಹೆಚ್ಚಿರುವ ಕಲ್ಲಿನಲ್ಲಿ ಇದು ಬೇಗ, ಕಬ್ಬಿಣ ಹೆಚ್ಚಿರುವುದರಲ್ಲಿ ನಿಧಾನ. ಆದ್ದರಿಂದ ನನಗೆ ಲ್ಯಾಬಿನ ಕಾಗದದಲ್ಲಿ ಮುಖ್ಯ ಅನಿಸಿದ್ದು 3.5 ದಾಟಿತೋ ಇಲ್ಲವೋ ಎನ್ನುವುದಲ್ಲ. ಒಣ ಮತ್ತು ಒದ್ದೆ ಅಂಕಿಗಳ ನಡುವಿನ ಅಂತರ. ಮೇಲು ಮಟ್ಟದ್ದು ನೆನೆದಾಗ ಕಾಲುಭಾಗ ಶಕ್ತಿ ಕಳೆದುಕೊಂಡಿತು, ನಡುವಿನದ್ದು ಮೂರರಲ್ಲಿ ಒಂದು ಭಾಗ, ಅಡಿಯದ್ದು ಅರ್ಧಕ್ಕಿಂತ ಹೆಚ್ಚು.

ಬೇಕಲ ಕೋಟೆ ನೋಡಿ, ಕೆಳದಿಯ ಶಿವಪ್ಪ ನಾಯಕ 1650ರ ಹೊತ್ತಿಗೆ ಕಟ್ಟಿಸಿದ್ದು, ಉಪ್ಪುಗಾಳಿಯಲ್ಲಿ ಇನ್ನೂ ನಿಂತಿದೆ, ಕೆಂಪುಕಲ್ಲಿಗೆ ಪರೀಕ್ಷೆ ಯಾಕೆ ಎಂದು ಕೇಳುವವರಿದ್ದಾರೆ. ಕೋಟೆ ಕಟ್ಟಿದವರು ಆರಿಸಿ ಬಿಸಾಡಿದ ಕಲ್ಲು ನಮಗೆ ನೋಡಲು ಸಿಗುವುದಿಲ್ಲವಲ್ಲ. ಅವರಲ್ಲಿ ಮೇಲಿಂದ ಕೆಳಗೆ ಒಂದೇ ಸಮ ಕೊಯ್ಯುವ ಮೆಷಿನ್ ಕೂಡ ಇರಲಿಲ್ಲ. ಕೈಯಲ್ಲಿ ಕೆತ್ತುವವನಿಗೆ ಪ್ರತಿ ಕಲ್ಲಿನ ಗುಣ ತೋಳಿಗೇ ತಿಳಿಯುತ್ತದೆ.

ಮಳೆಗೆ ಬಿಟ್ಟದ್ದು

ಕುಂಭ ಮಾಸದಲ್ಲಿ (ಫೆಬ್ರವರಿ–ಮಾರ್ಚ್) ಮೇಲು ಮತ್ತು ನಡು ಮಟ್ಟದ ಕಲ್ಲು ತರಿಸಿದೆ. ಕಟ್ಟಲು ಹೊರಟಿದ್ದರೆ ಮೇ ಕೊನೆಯ ಪತ್ತನಾಜೆಗೆ, ಅಂದರೆ ಮಳೆಗೆ ಮೊದಲು ಮುಗಿಯುತ್ತಿತ್ತು. ಕಟ್ಟಲಿಲ್ಲ. ಹಳೆ ಗೋಡೆಗೆ ಅಡಿಕೆ ಮರದ ಊರೆ ಕೊಟ್ಟು ನಿಲ್ಲಿಸಿ, ಹೊಸ ಕಲ್ಲನ್ನು ತೆಂಗಿನ ಮರದ ತುಂಡುಗಳ ಮೇಲೆ, ನಡುವೆ ಗಾಳಿಯಾಡುವ ಹಾಗೆ, ಮಾಡು ಇಲ್ಲದೆ ತೆರೆದಲ್ಲಿ ಪೇರಿಸಿದೆ. ಜೊತೆಗೆ ಅಡಿ ಮಟ್ಟದ ಉಳಿದ ನಮೂನೆಗಳನ್ನೂ ಇಟ್ಟೆ. ಹಣ ಕೊಟ್ಟ ಕಲ್ಲು ಮಳೆಯಲ್ಲಿ ನೆನೆಯುತ್ತಾ ಬಿದ್ದಿರುವುದನ್ನು ನೋಡಿ ಮೇಸ್ತ್ರಿಗೆ ನಗು. ಹಣ ಒಂದು ಮಳೆಗಾಲ ಪೂರ್ತಿ ಅಂಗಳದಲ್ಲಿ ಕೂತಿತು ಎನ್ನುವುದು ನಿಜವೇ. ಆತುರ ಇದ್ದವರಿಗೆ ಈ ದಾರಿ ಆಗುವುದಿಲ್ಲ. ಆದರೆ ಕೆಂಪುಕಲ್ಲಿಗೆ ಜೋರು ಮಳೆಯ ಮಿಥುನ, ಕರ್ಕಾಟಕ ಮಾಸಗಳಿಗಿಂತ ದೊಡ್ಡ ಲ್ಯಾಬ್ ನಮ್ಮ ಊರಲ್ಲಿ ಇನ್ನೊಂದಿಲ್ಲ.

ಕನ್ಯಾ ಮಾಸದಲ್ಲಿ (ಸೆಪ್ಟೆಂಬರ್–ಅಕ್ಟೋಬರ್) ಪೇರಿಸಿದ್ದನ್ನು ಬಿಡಿಸಿದೆವು. ಮೇಲು ಮಟ್ಟದ ಕಲ್ಲಿಗೆ ಪಾಚಿ ಹಿಡಿದದ್ದು ಬಿಟ್ಟರೆ ಅಂಚು ಹಾಗೆಯೇ ಇತ್ತು. ಮೊಳೆಯ ಗೀರು ಬೇಸಿಗೆಯಲ್ಲಿ ಬಿದ್ದಷ್ಟು ಆಳಕ್ಕೆ ಬೀಳಲಿಲ್ಲ. ನೆನೆದು ಒಣಗಿ ನೆನೆದು ಒಣಗಿ ಹೊರಮೈಯ ಕಬ್ಬಿಣ ಗಟ್ಟಿಯಾಗುತ್ತಾ ಬಂದಿರಬೇಕು. ನಡುವಿನವುಗಳಲ್ಲಿ ಹೆಚ್ಚಿನವು ಚೆನ್ನಾಗಿದ್ದವು, ಕೆಲವು ಮಾತ್ರ ಶೇಡಿ ಉಂಡೆ ತೊಳೆದುಹೋಗಿ ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಬೆಳಕು ಕಾಣುವ ಹಾಗೆ ಆಗಿದ್ದವು. ಅವನ್ನು ಬೇರೆ ಇಟ್ಟೆವು. ಬೇಸಿಗೆಯಲ್ಲಿ ಇವು ಯಾವುವೆಂದು ಮೇಸ್ತ್ರಿಯಾಗಲಿ ನಾನಾಗಲಿ ತೋರಿಸಲು ಸಾಧ್ಯವಿರಲಿಲ್ಲ. ಅಡಿ ಮಟ್ಟದ ನಮೂನೆಗಳ ಮೂಲೆ ಉರುಟಾಗಿ, ಒಂದು ಕಲ್ಲು ಎತ್ತುವಾಗಲೇ ಎರಡಾಯಿತು.

ನಡುವೆ ಒಂದು ಮರಳುಗಲ್ಲು

ಗೋದಲಿಯ ಅಂಚಿಗೆ ನುಣುಪಾದ ಚಪ್ಪಡಿ ಬೇಕಿತ್ತು. ಭಾವನ ಮನೆಯಂಗಳಕ್ಕೆ ಹಾಸಿ ಉಳಿದ ರಾಜಸ್ಥಾನದ ಮರಳುಗಲ್ಲಿನ ಚಪ್ಪಡಿಗಳು ಇದ್ದವು. "ಸುಮ್ಮನೆ ಬಿದ್ದಿದೆ, ತೆಗೆದುಕೊಂಡು ಹೋಗು ಭಾವ" ಅಂದರು. ಅದಕ್ಕೂ ನೀರಿನ ಪರೀಕ್ಷೆಯೇ, ಆದರೆ ನೋಡಬೇಕಾದ್ದು ಬೇರೆ. ಮರಳುಗಲ್ಲು ಅಂದರೆ ಮರಳಿನ ಕಣಗಳನ್ನು ಏನೋ ಒಂದು ಅಂಟು ಹಿಡಿದಿಟ್ಟಿರುವುದು. ಕಲ್ಲಿನ ಬಾಳಿಕೆ ಆ ಅಂಟಿನ ಮೇಲೆ. ಸಿಲಿಕಾ ಅಂಟಾದರೆ ಕಲ್ಲು ತಲೆಮಾರು ಬಾಳುತ್ತದೆ, ಕಬ್ಬಿಣದ ಅಂಟೂ ಒಳ್ಳೆಯದೇ. ಸುಣ್ಣದ ಅಂಟು ಹುಳಿಗೆ ಕರಗುತ್ತದೆ. ಮಣ್ಣಿನ ಅಂಟಾದರೆ ನೆನೆದಾಗ ಸಡಿಲ. ಒಡೆದ ಹೊಸ ಮುಖದ ಮೇಲೆ ಒಂದು ತೊಟ್ಟು ಆ್ಯಸಿಡ್ ಬಿಟ್ಟೆ, ನೊರೆ ಬರಲಿಲ್ಲ, ಸುಣ್ಣ ಇಲ್ಲ. ನೆನೆಸಿದ ಮೇಲೆ ಹೆಬ್ಬೆರಳಲ್ಲಿ ಉಜ್ಜಿದರೆ ಮರಳು ಕೈಗೆ ಬರಲಿಲ್ಲ. ಕೆಂಪುಕಲ್ಲಿಗೆ ಹೋಲಿಸಿದರೆ ಹೀರಿದ ನೀರು ಏನೇನೂ ಅಲ್ಲ.

ಆದರೆ ಚಪ್ಪಡಿಯ ಅಂಚಿನಲ್ಲಿ ಪದರಗಳು ಗೆರೆಗೆರೆಯಾಗಿ ಕಾಣುತ್ತಿದ್ದವು. ಮರಳುಗಲ್ಲನ್ನು ಅದು ಭೂಮಿಯಲ್ಲಿ ಮಲಗಿದ್ದ ಹಾಗೆಯೇ ಮಲಗಿಸಬೇಕು, ಭಾರ ಪದರಗಳ ಮೇಲೆ ನೇರವಾಗಿ ಬೀಳಬೇಕು. ಪದರ ಹೊರಮುಖ ಮಾಡಿ ನಿಲ್ಲಿಸಿದರೆ ನೀರು ಒಳಹೊಕ್ಕು ಈರುಳ್ಳಿಯ ಸಿಪ್ಪೆಯ ಹಾಗೆ ಒಂದೊಂದೇ ಎದ್ದುಬರುತ್ತದೆ. ಮೇಸ್ತ್ರಿ ಅದನ್ನು ಗೋದಲಿಯ ಎದುರು ಬದಿಗೆ ನಿಲ್ಲಿಸಿ ಅಂಟಿಸುವ ಯೋಚನೆಯಲ್ಲಿದ್ದರು. ಬೇಡ ಎಂದು ಅಂಚಿನ ಮೇಲೆ ಮಲಗಿಸಿಯೇ ಹಾಕಿಸಿದೆ. ಎದುರು ಬದಿಗೆ ಸಿಮೆಂಟ್ ಉಜ್ಜಿದ್ದು ಸಾಕು. ಕೆಂಪುಕಲ್ಲಿಗೆ ಪದರ ಇಲ್ಲದ್ದರಿಂದ ಈ ತಾಪತ್ರಯ ಇಲ್ಲ. ಯಾವ ಮಗ್ಗುಲಿಗೆ ಬೇಕಾದರೂ ಇಡಬಹುದು, ಶೇಡಿ ಮಚ್ಚೆ ಇರುವ ಮುಖ ಮಳೆಯ ಕಡೆಗೆ ಬಾರದ ಹಾಗೆ ನೋಡಿಕೊಂಡರಾಯಿತು.

ಕಟ್ಟಿದ್ದು

ವೃಶ್ಚಿಕದಲ್ಲಿ ಹಳೆ ಗೋಡೆ ಇಳಿಸಿದೆವು. ನೆಲದಿಂದ ಎರಡು ಅಡಿ ಎತ್ತರದವರೆಗೆ ಶಿಲೆಕಲ್ಲು (ಕರಿ ಗಟ್ಟಿ ಕಲ್ಲು). ಗಂಜಳ ಮತ್ತು ಮಳೆನೀರಿನ ಸಿಡಿತ ಎರಡೂ ತಾಗುವ ಮಟ್ಟ ಅದು, ಅಲ್ಲಿ ಕೆಂಪುಕಲ್ಲು ಎಷ್ಟೇ ಒಳ್ಳೆಯದಿದ್ದರೂ ಇಡಬಾರದು ಎಂದು ನನಗನಿಸುತ್ತದೆ. ಅದರ ಮೇಲೆ ಒದ್ದೆ ಮೇಲೇರದ ಹಾಗೆ ವಾಟರ್‌ಪ್ರೂಫ್ ಪುಡಿ ಬೆರೆಸಿದ ಕಾಂಕ್ರೀಟಿನ ಒಂದು ಪಟ್ಟಿ, ಗೋಡೆಯ ಪೂರ್ತಿ ಅಗಲಕ್ಕೆ. ಒಳನೆಲಕ್ಕೆ ಗೋಡೆಯಿಂದ ಆಚೆಗೆ ಇಳಿಜಾರು ಕೊಟ್ಟು ಗಂಜಳದ ಕಾಲುವೆಯನ್ನು ಮೂಡು ಬದಿಗೆ ತಿರುಗಿಸಿದೆ. ಹಳೆಯ ಗೋಡೆಗೆ ಇದೊಂದು ಮಾಡಿದ್ದರೆ ಇನ್ನೊಂದಿಪ್ಪತ್ತು ವರ್ಷ ಬರುತ್ತಿತ್ತೋ ಏನೋ.

ಪಟ್ಟಿಯ ಮೇಲಿನ ನಾಲ್ಕು ಸಾಲು ಮತ್ತು ಎರಡೂ ಮೂಲೆಗಳಿಗೆ ಮೇಲು ಮಟ್ಟದ ಕಲ್ಲು, ಉಳಿದದ್ದಕ್ಕೆ ನಡುವಿನದ್ದು. ಕಲ್ಲನ್ನು ಇಡುವ ಮೊದಲು ನೀರಲ್ಲಿ ಅದ್ದಿ ತೆಗೆಯಬೇಕು. ಒಣ ಕಲ್ಲು ಗಾರೆಯ ನೀರನ್ನೆಲ್ಲ ಎಳೆದುಕೊಂಡರೆ ಗಾರೆ ಹಿಡಿಯುವ ಮೊದಲೇ ಪುಡಿಯಾಗುತ್ತದೆ. ಮೆಷಿನ್ ಕೊಯ್ದ ನುಣ್ಣನೆ ಮುಖದ ಪುಡಿಯನ್ನೂ ಆಗಲೇ ಉಜ್ಜಿ ತೆಗೆದದ್ದು.

ಗಾರೆಯ ಬಗ್ಗೆ ಮೇಸ್ತ್ರಿಯ ಜೊತೆ ವಾದ ಆಯಿತು. ಅವರಿಗೆ ಸಿಮೆಂಟ್ ಮತ್ತು ಹೊಯ್ಗೆ (ಮರಳು), ಬೇರೇನೂ ಬೇಡ. ನನ್ನ ಲೆಕ್ಕದಲ್ಲಿ ಗಾರೆ ಕಲ್ಲಿಗಿಂತ ಗಟ್ಟಿಯಾದರೆ ಗೋಡೆ ಅಲುಗಿದಾಗ ಬಿರುಕು ಸಂದಿನಲ್ಲಿ ಹೋಗದೆ ಕಲ್ಲನ್ನೇ ಸೀಳುತ್ತದೆ. ಬರೀ ಸುಣ್ಣವಾದರೆ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಕೊನೆಗೆ ಒಂದು ಪಾಲು ಸಿಮೆಂಟ್, ಒಂದು ಪಾಲು ಚಿಪ್ಪುಸುಣ್ಣ, ಆರು ಪಾಲು ಹೊಯ್ಗೆ ಎಂದು ರಾಜಿಯಾಯಿತು. ಸುಣ್ಣ ಸೇರಿದ ಗಾರೆ ಕರಣೆಯಿಂದ ಜಾರುವುದಿಲ್ಲ, ಕೂರಿಸಲು ಸುಲಭ ಎಂದು ಎರಡನೇ ದಿನದಿಂದ ಮೇಸ್ತ್ರಿಯೇ ಹೇಳತೊಡಗಿದರು. ನಿಂತ ಸಂದುಗಳನ್ನು ತುಂಬುವುದರಲ್ಲಿ ಮಾತ್ರ ಕಣ್ಣಿಟ್ಟಿರಬೇಕು. ಹೊರಗಿನಿಂದ ಚಂದ ಬಳಿದು ಒಳಗೆ ಪೊಳ್ಳು ಬಿಡುವುದು ಎಲ್ಲ ಊರಿನ ಮೇಸ್ತ್ರಿಗಳಿಗೂ ಅಭ್ಯಾಸ, ಪಡು ಗೋಡೆಯಲ್ಲಿ ಆ ಪೊಳ್ಳೇ ನೀರಿನ ದಾರಿ.

ಹೊರಮೈಗೆ ಸಿಮೆಂಟ್ ಸಾರಣೆ ಮಾಡಿಸಲಿಲ್ಲ. ಸಾರಣೆ ಎಲ್ಲೋ ಒಂದು ಕಡೆ ಬಿರುಕು ಬಿಟ್ಟೇ ಬಿಡುತ್ತದೆ, ಒಳಹೋದ ನೀರಿಗೆ ಮತ್ತೆ ಹೊರಬರಲು ದಾರಿ ಇರುವುದಿಲ್ಲ. ಸಂದುಗಳಿಗೆ ಮಾತ್ರ ಅದೇ ಗಾರೆಯ ಪಾಯಿಂಟಿಂಗ್, ಕಲ್ಲು ಬತ್ತಲೆ. ಬದಲಿಗೆ ಮಾಡಿನ ಸೂರನ್ನು ಎರಡು ಅಡಿ ಹೊರಕ್ಕೆ ಚಾಚಿಸಿದೆ. ಸೂರಿಗೆ ಮಳೆನೀರು ಹರಿಸುವ ದಂಬೆ ಇನ್ನೂ ಬಿಗಿದಿಲ್ಲ. ಅಲ್ಲಿಯವರೆಗೆ ಹನಿ ಬೀಳುವ ಜಾಗದಲ್ಲಿ ಪಣೆಯವರು ಬಿಸಾಡಿದ ಕರಿ ಪಾದೆಯ ತುಂಡುಗಳನ್ನು ಹಾಸಿದ್ದೇನೆ, ನೀರು ಗೋಡೆಗೆ ಸಿಡಿಯುವುದು ಅಷ್ಟರಮಟ್ಟಿಗೆ ಕಡಿಮೆ. ಬೇರೆ ಇಟ್ಟ ನಡು ಮಟ್ಟದ ತೂತು ಕಲ್ಲುಗಳು ಒಳಗಡೆ ಕರುವಿನ ಅಂಕಣದ ಅರ್ಧ ಗೋಡೆಗೆ ಹೋದವು, ಅಲ್ಲಿ ಮಳೆ ಇಲ್ಲ, ಮೇಲೆ ಭಾರವೂ ಇಲ್ಲ. ಅಡಿ ಮಟ್ಟದ ಉಳಿಕೆ ತೆಂಗಿನ ಬುಡದ ಕಟ್ಟೆಗೆ; ಕರಗಿದರೂ ತೆಂಗಿಗೆ ಮಣ್ಣೇ ಆಯಿತು.